ಮೊದಲು ಕೈಲೆಕ್ಕ, ಅನಂತರ ಬಣ್ಣದ ಚಿತ್ರ

ಈಚೆಗೆ ನನ್ನ ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ಪರದೆಯ ಮೇಲೆ ಒಂದು ಚಿತ್ರವನ್ನು ತೋರಿಸಿದನು. 10 ಮಿಲಿಮೀಟರ್ ವ್ಯಾಸದ ಗಡಸು ಉಕ್ಕಿನ ಗುಂಡು, ಅಂಥದೇ ಉಕ್ಕಿನ ಹಲಗೆಯ ಮೇಲೆ ಕುಳಿತಿದೆ. ಗುಂಡಿನ ಮೇಲೆ ಒಂದು ಕಿಲೋಗ್ರಾಂ ಭಾರ. ಎಲ್ಲಿ ಎಷ್ಟು ಒತ್ತಡವೆಂಬುದನ್ನು ಕೆಂಪು, ಹಳದಿ, ನೀಲಿ ಬಣ್ಣಗಳು ಸಾರುತ್ತಿದ್ದುವು. ಚಿತ್ರವೇನೋ ಸೊಗಸಾಗಿತ್ತು. "ಇವೆರಡೂ ಎಷ್ಟು ಅಗಲಕ್ಕೆ ತಾಗಿವೆ?" ಎಂದು ಕೇಳಿದೆನು. ಅವನಲ್ಲಿ ಉತ್ತರವಿರಲಿಲ್ಲ.

ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ವಸ್ತುವನ್ನು ಸಣ್ಣ ತುಂಡುಗಳಾಗಿ ವಿಂಗಡಿಸಿ, ಅವೆಲ್ಲದರ ಸಮೀಕರಣಗಳನ್ನು ಒಟ್ಟಿಗೆ ಬಿಡಿಸುತ್ತಾರೆ. ಒಂದೇ ತೊಲೆಯ ಬಾಗನ್ನು ಹೀಗೆ ಕಂಡುಹಿಡಿಯುವುದು ಸುಲಭ. ಎರಡು ವಸ್ತುಗಳು ತಾಗಿದಾಗ ತೊಡಕು ಮೊದಲಾಗುತ್ತದೆ. ಏಕೆಂದರೆ ಭಾರ ಹೆಚ್ಚಿದಂತೆ ತಾಗುವ ಜಾಗವೂ ಹಿಗ್ಗುತ್ತದೆ.

ಗುಂಡಿನ ಮಟ್ಟಿಗೆ ಈ ತೊಡಕನ್ನು ಜರ್ಮನಿಯ ಹೈನ್ರಿಕ್ ಹರ್ಟ್ಸನು 1881ರಲ್ಲಿಯೇ ಬಿಡಿಸಿದನು. ಮುಂದೆ ರೇಡಿಯೊ ಅಲೆಗಳನ್ನು ತೋರಿಸಿಕೊಟ್ಟವನೂ ಇವನೇ. ಆಗ ಅವನಿಗೆ ವಯಸ್ಸು ಇಪ್ಪತ್ತಮೂರು. ಅವನ ಸೂತ್ರದಂತೆ ನಮ್ಮ ಗುಂಡು ತಾಗುವ ವೃತ್ತದ ವ್ಯಾಸ ಸುಮಾರು 0.14 ಮಿಲಿಮೀಟರ್, ಅದರ ನಡುವಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 10,000 ಮಡಿ! ವಿದ್ಯಾರ್ಥಿಯ ತುಂಡುಗಳಾದರೋ ಒಂದೊಂದೂ 1 ಮಿಲಿಮೀಟರ್. ಬಲೆಯ ಕಣ್ಣು ಮೀನಿಗಿಂತ ದೊಡ್ಡದಾದರೆ ಮೀನು ಸಿಕ್ಕೀತೆ?

ಇನ್ನೊಂದು ತಪ್ಪು ಸುಲಭವಾಗಿ ಕಣ್ಣಿಗೆ ಬೀಳದು. ಒಂದು ವಸ್ತು ಇನ್ನೊಂದರೊಳಕ್ಕೆ ನುಗ್ಗದಿರಲೆಂದು ಲೆಕ್ಕದಲ್ಲಿ ಅವುಗಳ ನಡುವೆ ಕಲ್ಪನೆಯ ಸ್ಪ್ರಿಂಗುಗಳನ್ನು ಇಡುವುದುಂಟು. ಸ್ಪ್ರಿಂಗು ಮೆತ್ತಗಾದರೆ ಉಕ್ಕು ಉಕ್ಕಿನೊಳಕ್ಕೆ ಭೂತದಂತೆ ಇಳಿಯುತ್ತದೆ; ಅತಿ ಬಿರುಸಾದರೆ ಸಮೀಕರಣಗಳೇ ಬಿಡಿಸಲು ಬಗ್ಗವು. ನಮ್ಮ ಗುಂಡು ಭಾರದಿಂದ ನಿಜವಾಗಿ ತಗ್ಗುವುದು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಮಾತ್ರ. ಸುಳ್ಳು ನುಗ್ಗಾಟವು ಅದರ ನೂರರಲ್ಲೊಂದು ಪಾಲನ್ನೂ ಮೀರಬಾರದೆಂದು ನನ್ನ ಮತ.

ಹರ್ಟ್ಸನ ಸೂತ್ರದಲ್ಲಿ ಘರ್ಷಣೆಯಿಲ್ಲ, ನಿಜವಾದ ಯಂತ್ರಭಾಗಗಳಿಗೆ ಅದು ಸಾಲದು ಎಂದು ಕೆಲವರು ಆಕ್ಷೇಪಿಸುವರು. ಒಪ್ಪತಕ್ಕ ಮಾತೇ. ಆದರೆ ಉತ್ತರ ತಿಳಿದಿರುವ ಲೆಕ್ಕದಲ್ಲಿಯೇ ಎಡವಿದವರು ರೈಲಿನ ಗಾಲಿಗೂ ರೋಗಿಯ ಸೊಂಟದ ಕೃತಕ ಕೀಲಿಗೂ ಹಾಕುವ ಲೆಕ್ಕವನ್ನು ಯಾವ ಧೈರ್ಯದಿಂದ ನೆಚ್ಚೋಣ? ಕೈಲೆಕ್ಕ ಹಾಕಲು ಐದು ನಿಮಿಷ ಸಾಕು. ಪರದೆಯ ಮುಂದೆ ಕುಳಿತುಕೊಳ್ಳುವ ಮೊದಲೇ ಅದನ್ನು ಮಾಡತಕ್ಕದ್ದು.

ಆ ವಿದ್ಯಾರ್ಥಿಯು ತಾಗುವೆಡೆಯ ತುಂಡುಗಳನ್ನು 0.01 ಮಿಲಿಮೀಟರಿಗೆ ಇಳಿಸಿ ಪುನಃ ಲೆಕ್ಕ ಮಾಡಿದನು. ಭಾರವನ್ನು ಎಂಟು ಮಡಿ ಮಾಡಿದಾಗ ವೃತ್ತದ ವ್ಯಾಸ ಎರಡೇ ಮಡಿಯಾಯಿತು, ಸೂತ್ರವು ಹೇಳಿದಂತೆಯೇ. ಈ ಬಾರಿ ಅವನು ಬಣ್ಣಗಳನ್ನು ತೋರಿಸಲಿಲ್ಲ. ಕಾಗದದ ಮೇಲೆ ಬರೆದ ಎರಡು ಅಂಕಿಗಳನ್ನು ತಂದನು.