ಮಂಗಳನ ಬಣ್ಣ ನಿಜಾನಾ?

ಹೋದ ತಿಂಗಳು ಸಿಂಗಟಗೆರೆಗೆ ಹೋದಾಗ ಅಪ್ಪ ಒಂದು ವಾಟ್ಸಾಪ್ ಫಾರ್ವರ್ಡ್ ತೋರಿಸಿದರು. ಮಂಗಳಯಾನ ತೆಗೆದ ಕಿತ್ತಳೆ ಬಣ್ಣದ ಮಂಗಳ ಗ್ರಹದ ಫೋಟೋ. ಅದರ ಕೆಳಗೆ, ಇದೆಲ್ಲ ಕಂಪ್ಯೂಟರ್‌ನಲ್ಲಿ ಬಳಿದ ಬಣ್ಣ ಅಂತ ಬರೆದಿತ್ತು. "ನೀನು ಸಾಫ್ಟ್‌ವೇರ್‌ನವನಲ್ವಾ, ಹೇಳು. ನಿಜಾನಾ, ಸುಳ್ಳಾ?" ಅಂದರು.

ಕಂಪ್ಯೂಟರ್ ಕೆಲಸ ಇರೋದು ನಿಜ, ಬಳಿದಿದ್ದು ಸುಳ್ಳು ಅಂದೆ.

ಕ್ಯಾಮೆರಾದ ಸೆನ್ಸರ್‌ಗೆ ಬಣ್ಣ ಗೊತ್ತಾಗಲ್ಲ. ಎಷ್ಟು ಬೆಳಕು ಬಿತ್ತು ಅಂತ ಅಳೆಯುತ್ತೆ, ಅಷ್ಟೇ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳ ಕ್ಯಾಮೆರಾದಲ್ಲಿ ಫಿಲ್ಟರ್‌ಗಳ ಚಕ್ರವೇ ಇತ್ತು. ಕಿತ್ತಳೆ ಫಿಲ್ಟರ್ ಇಟ್ಟು ಒಂದು ಫೋಟೋ, ಹಸಿರು ಇಟ್ಟು ಒಂದು, ನೀಲಿ ಇಟ್ಟು ಇನ್ನೊಂದು. ಮೂರೂ ಕಪ್ಪು-ಬಿಳುಪು. ಭೂಮಿಗೆ ಬಂದ ಮೇಲೆ ಮೂರನ್ನೂ ಸೇರಿಸಿದರೆ ಬಣ್ಣದ ಚಿತ್ರ.

2013ರ ನವೆಂಬರ್ 5ರಂದು ಹಾರಿದ ನಮ್ಮ ಮಂಗಳಯಾನದ್ದು ನಿಮ್ಮ ಫೋನಿನ ಕ್ಯಾಮೆರಾ ಥರಾನೇ. ಸೆನ್ಸರ್‌ನಲ್ಲಿ 2048 ಸಾಲು, ಸಾಲಿಗೆ 2048 ಪಿಕ್ಸೆಲ್. ಒಂದೊಂದರ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಪುಟಾಣಿ ಫಿಲ್ಟರ್. ಒಂದು ಪಿಕ್ಸೆಲ್ ಅಳೆಯೋದು ಒಂದೇ ಬಣ್ಣ. ಉಳಿದೆರಡನ್ನು ಸಾಫ್ಟ್‌ವೇರ್ ಅಕ್ಕಪಕ್ಕದ ಪಿಕ್ಸೆಲ್ ನೋಡಿ ಅಂದಾಜು ಮಾಡುತ್ತೆ.

ಈ ಲೆಕ್ಕ ತಪ್ಪೋದೂ ಉಂಟು. 1976ರಲ್ಲಿ ವೈಕಿಂಗ್-1 ಮಂಗಳದ ನೆಲದಿಂದ ಕಳಿಸಿದ ಮೊದಲ ಬಣ್ಣದ ಚಿತ್ರದಲ್ಲಿ ಆಕಾಶ ನಮ್ಮೂರಿನ ಹಾಗೆ ನೀಲಿಯಾಗಿ ಕಂಡಿತ್ತು. ಲೆಕ್ಕ ಸರಿ ಮಾಡಿದ ಮೇಲೆ ನಸುಗೆಂಪಾಯ್ತು. ಹೀಗಾಗಬಾರದು ಅಂತಾನೇ ಇಳಿಯುವ ನೌಕೆಗಳ ಮೈಮೇಲೆ ಬಣ್ಣದ ಪಟ್ಟಿ ಅಂಟಿಸಿ ಕಳಿಸ್ತಾರೆ. ಆ ಪಟ್ಟಿಯ ನಿಜವಾದ ಬಣ್ಣ ಮೊದಲೇ ಗೊತ್ತಿರೋದರಿಂದ, ಫೋಟೋದಲ್ಲಿ ಅದು ಹೇಗೆ ಕಾಣುತ್ತೆ ನೋಡಿ ಉಳಿದಿದ್ದನ್ನು ಸರಿಪಡಿಸಬಹುದು.

ಅಪ್ಪನಿಗೆ ಇಷ್ಟೆಲ್ಲ ಹೇಳಿ, ಅಂಗಳದ ತಂತಿ ಮೇಲೆ ಒಣಗಿದ್ದ ಬಿಳಿ ಪಂಚೆ ತೋರಿಸಿದೆ. ಅವರಿಗೆ ಬಲಗಣ್ಣಿನ ಪೊರೆ ಆಪರೇಷನ್ ಆಗಿ ಎರಡು ತಿಂಗಳು. ಎಡಗಣ್ಣಿಗೆ ಮಾತ್ರ, "ಒಂದು ಸಾಕು ಬಿಡು, ದುಡ್ಡು ದಂಡ" ಅಂತ ಮುಂದೂಡ್ತಾನೇ ಇದ್ದರು. ಒಂದೊಂದೇ ಕಣ್ಣು ಮುಚ್ಚಿ ನೋಡಿದರು. ಬಲಗಣ್ಣಿಗೆ ಪಂಚೆ ಬೆಳ್ಳಗೆ, ಎಡಗಣ್ಣಿಗೆ ಹಳೇ ಪೇಪರ್ ಥರ ಹಳದಿ. ಪೊರೆ ಬಂದ ಕಣ್ಣಿನ ಮಸೂರ ಹಳದಿಗಟ್ಟುತ್ತೆ, ಅದೂ ಒಂದು ಫಿಲ್ಟರೇ.

"ಹಾಗಾದ್ರೆ ಇಷ್ಟು ದಿನ ನಿಮ್ಮಮ್ಮ ಪಂಚೆ ಸರಿಯಾಗಿ ಒಗೆದಿಲ್ಲ ಅಂತ ಸುಮ್ಮನೆ ಬೈದೆನಲ್ಲೋ" ಅಂದರು.

ಒಳಗಿಂದ ಅಮ್ಮ, "ಈಗ ಗೊತ್ತಾಯ್ತಾ?" ಅಂದರು.

ಸಂಜೆ ಬೆಂಗಳೂರಿಗೆ ಹೊರಡುವಾಗ ಅಪ್ಪನೇ ಕೇಳಿದರು, "ಆ ಕಣ್ಣಿನ ಡಾಕ್ಟರ್ ನಂಬರ್ ನಿನ್ನ ಹತ್ರ ಇದೆಯಾ?"