ಇರುವೆ ಸಾಕೋಣ, ಕೊಂಡು ತರೋದು ಬೇಡ

ಹಾಸ್ಟೆಲ್ ರೂಮಿನಲ್ಲಿ ಇರುವೆ ಸಾಕ್ತಿದ್ದೀವಿ ಅಂದಾಗ ನಮಗೆ ಬಂದ ಮೊದಲ ಪ್ರತಿಕ್ರಿಯೆ: "ಸಾಕೋದ್ಯಾಕೆ ಗುರು, ನಮ್ ರೂಮಲ್ಲಿ ಫ್ರೀಯಾಗೇ ಇವೆ, ಬಂದು ತಗೊಂಡ್ ಹೋಗಿ." ಎರಡನೆಯದು ವಾರ್ಡನ್ ಅವರದು. ಅದನ್ನ ಇಲ್ಲಿ ಬರೆಯೋ ಹಾಗಿಲ್ಲ.

ನಾವು ನಾಲ್ಕು ಜನ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಹೀಗೆ ಒಬ್ಬೊಬ್ಬರದು ಒಂದೊಂದು ತಾಲ್ಲೂಕು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಇಬ್ಬರ ಮನೇಲಿ ಮಾತು ತೆಲುಗು, ಬಸ್ಸಲ್ಲಿ ಅಂಗಡೀಲಿ ಕನ್ನಡ. ಕಾಗುಣಿತ ತಪ್ಪಿದ್ದರೆ ಎಡಿಟರ್ ತಿದ್ದಿರ್ತಾರೆ ಅನ್ನೋ ಧೈರ್ಯದಲ್ಲಿ ಬರೀತಿದ್ದೀವಿ. ಹೇಳಬೇಕಾದ ವಿಷಯ ಒಂದೇ: ಇರುವೆ ಗೂಡು ಸಾಕೋದು ಒಳ್ಳೆ ಹವ್ಯಾಸ. ಆದರೆ ಅದನ್ನ ದುಡ್ಡು ಕೊಟ್ಟು ಬೇರೆ ಊರಿಂದ ತರಿಸೋದು ತಪ್ಪು. ನಾವು ಆ ತಪ್ಪು ಮಾಡಿದ್ದೀವಿ, ಅದಕ್ಕೇ ಹೇಳ್ತಿದ್ದೀವಿ.

ಶುರುವಾಗಿದ್ದು ಒಂದು ಸೆಮಿನಾರಿನಿಂದ. ವಿಷಯ ಆಂಟ್ ಕಾಲನಿ ಆಪ್ಟಿಮೈಸೇಶನ್. 1992ರಲ್ಲಿ ಮಾರ್ಕೊ ಡೊರಿಗೊ ತಮ್ಮ ಪಿಎಚ್‌ಡಿಯಲ್ಲಿ ಮಂಡಿಸಿದ ಅಲ್ಗಾರಿದಂ. ಇರುವೆ ನಡೆದ ದಾರಿಯಲ್ಲಿ ವಾಸನೆ ಬಿಡುತ್ತೆ, ಹತ್ತಿರದ ದಾರಿಯಲ್ಲಿ ಓಡಾಟ ಬೇಗ ಆಗೋದರಿಂದ ವಾಸನೆ ಬೇಗ ದಟ್ಟವಾಗುತ್ತೆ, ಉಳಿದ ದಾರಿಗಳ ವಾಸನೆ ಆರಿಹೋಗುತ್ತೆ. ಕೋಡ್ ಬರೆದ್ವಿ, ಗ್ರಾಫ್ ಬಂತು, ಮಾರ್ಕ್ಸೂ ಬಂತು. ಆಮೇಲೆ ಸರ್ ಒಂದು ಪ್ರಶ್ನೆ ಕೇಳಿದರು: "ನಿಜವಾದ ಇರುವೆ ಹೀಗೇ ಮಾಡುತ್ತಾ? ನೋಡಿದ್ದೀರಾ?" ನಾಲ್ಕು ಜನಾನೂ ನೆಲ ನೋಡಿದ್ವಿ. ನೆಲದ ಮೇಲೆ ಆಗಲೂ ಒಂದೆರಡು ಇರುವೆ ಓಡಾಡ್ತಾ ಇದ್ದವು.

ಸರಿ, ನೋಡೇಬಿಡೋಣ ಅಂತ ಹೊರಟವರು ನೇರವಾಗಿ ಮಾಡಿದ್ದೇನು? ಫೋನ್ ತೆಗೆದು ಆರ್ಡರ್ ಮಾಡಿದ್ದು. ನಮ್ಮ ತಲೆಮಾರಿಗೆ ಯಾವುದೇ ಆಸೆ ಬಂದರೂ ಮೊದಲ ಹೆಜ್ಜೆ ಅದೇ ತಾನೇ. ಅಕ್ರಿಲಿಕ್ ಗೂಡು, ಒಂದು ರಾಣಿ, ಇಪ್ಪತ್ತು ಚಿಲ್ಲರೆ ಕೆಲಸಗಾರ ಇರುವೆ, ಎಲ್ಲಾ ಸೇರಿ ನಾಲ್ಕು ಜನರ ಒಂದು ತಿಂಗಳ ಪಾಕೆಟ್ ಮನಿ. ಬೇರೆ ರಾಜ್ಯದಿಂದ ಕೊರಿಯರ್‌ನಲ್ಲಿ ಬಂತು. ಡಬ್ಬ ಬಿಚ್ಚಿದಾಗ ಅರ್ಧ ಸತ್ತಿದ್ದವು. ಚೀಟಿ ಮೇಲೆ ಬರೆದ ಜಾತಿಯ ಹೆಸರಿಗೂ ಒಳಗಿದ್ದ ಇರುವೆಗೂ ಸಂಬಂಧ ಇರಲಿಲ್ಲ ಅಂತ ಗೊತ್ತಾಗಿದ್ದು ತುಂಬಾ ದಿನ ಆದ ಮೇಲೆ.

ಇಂಟರ್ನಲ್ಸ್ ಮುಗಿದು ರಜೆ ಬಂದಾಗ ಅದನ್ನ ರೂಮಲ್ಲಿ ಬಿಟ್ಟು ಹೋಗೋಕೆ ಆಗದೆ ಶಿಡ್ಲಘಟ್ಟದ ಹತ್ತಿರದ ನಮ್ಮಲ್ಲೊಬ್ಬರ ಮನೆಗೆ ಒಯ್ದ್ವಿ. ಆ ಮನೆಯಲ್ಲಿ ರೇಷ್ಮೆ ಹುಳ ಸಾಕ್ತಾರೆ. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮೊಟ್ಟೆ ಒಡೆದ ದಿನದಿಂದ ಗೂಡು ಕಟ್ಟೋ ತನಕ ಸುಮಾರು 25 ದಿನ. ಅಷ್ಟರೊಳಗೆ ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತೆ, ಅಂದರೆ ತಿನ್ನೋದು ನಿಲ್ಲಿಸಿ ಪೊರೆ ಬಿಡುತ್ತೆ. ಕೊನೇ ಒಂದು ವಾರ ಹಿಪ್ಪುನೇರಳೆ ಸೊಪ್ಪು ಎಷ್ಟು ತಂದು ಹಾಕಿದರೂ ಸಾಲದು, ಮನೆಯವರು ಸರಿಯಾಗಿ ಮಲಗೋದೇ ಇಲ್ಲ. ಊಜಿ ನೊಣ, ಹಲ್ಲಿ, ಇಲಿ, ಇರುವೆ ಎಲ್ಲವೂ ಈ ಹುಳಕ್ಕೆ ಶತ್ರುಗಳೇ. ಇರುವೆಗೆ ಔಷಧಿ ಹೊಡೆಯೋಣ ಅಂದರೆ ಅದೇ ಔಷಧಿಗೆ ಹುಳಾನೂ ಸಾಯುತ್ತೆ. ಅದಕ್ಕೇ ಸ್ಟ್ಯಾಂಡಿನ ಒಂದೊಂದು ಕಾಲಿನ ಕೆಳಗೂ ನೀರು ತುಂಬಿದ ಬಟ್ಟಲು ಇಡ್ತಾರೆ. ಇರುವೆ ಆ ನೀರು ದಾಟಬಾರದು. ಇಷ್ಟೇ ತಂತ್ರಜ್ಞಾನ, ಆದರೆ ಒಂದು ಬಟ್ಟಲು ಒಣಗಿದರೂ ಕಥೆ ಮುಗೀತು.

ಎರಡನೇ ರಾತ್ರಿ ನಮ್ಮ ದುಬಾರಿ ಅಕ್ರಿಲಿಕ್ ಗೂಡಿನ ಮುಚ್ಚಳದ ಸಂದಿಯಿಂದ ಇರುವೆಗಳು ಹೊರಬಂದವು. ಮೊದಲು ನೋಡಿದ್ದು ಅಜ್ಜಿ. ಗೋಡೆ ಮೇಲೆ ಸಾಲು ಹಿಡಿದು ಹುಳದ ಮನೆಯ ಬಾಗಿಲಿನ ಕಡೆಗೇ ಹೊರಟಿದ್ದವು. ಅಜ್ಜಿ ಒದ್ದೆ ಬಟ್ಟೆಯಲ್ಲಿ ಒರೆಸಿದರು, ಎಲ್ಲಾ ಬಟ್ಟಲುಗಳಿಗೆ ನೀರು ತುಂಬಿಸಿದರು, ಆಮೇಲೆ ನಮ್ಮ ಕಡೆ ತಿರುಗಿ ಕೇಳಿದರು: "ಇರುವೆ ಬರದಂಗೆ ನಾವು ರಾತ್ರಿಯೆಲ್ಲಾ ಕಾಯ್ತೀವಿ. ನೀವು ದುಡ್ಡು ಕೊಟ್ಟು ತಂದ್ರೇನ್ರೋ?"

ಒಂದು ಹುಳಕ್ಕೂ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನಾಲ್ಕು ಜನಕ್ಕೂ ನಿದ್ದೆ ಬರಲಿಲ್ಲ. ನಮ್ಮಲ್ಲೊಬ್ಬರ ಸೆಮಿಸ್ಟರ್ ಫೀಸು ಹೋಗೋದು ಆ ಗೂಡು ಮಾರುಕಟ್ಟೆಗೆ ಹೋಗಿ ಹರಾಜಾದ ಮೇಲೆ. ಯಾವ ಜಾತಿ ಅಂತಾನೇ ಗೊತ್ತಿಲ್ಲದ, ಯಾವ ಊರಿನದೋ ಆದ ಇರುವೆಯನ್ನ ಹುಳದ ಮನೆಯ ಪಕ್ಕ ತಂದಿಟ್ಟಿದ್ದು ನಾವು. ಉಳಿದ ಇರುವೆಗಳಿಗೂ ಬೂಷ್ಟು ಹಿಡಿದು ಒಂದು ತಿಂಗಳಲ್ಲಿ ಎಲ್ಲಾ ಸತ್ತವು.

ಇದು ನಮ್ಮ ನಾಲ್ಕು ಜನರ ಪೆದ್ದತನ ಮಾತ್ರ ಅಂದುಕೊಂಡಿದ್ವಿ. ಆಮೇಲೆ ಕೀನ್ಯಾದ ಸುದ್ದಿ ಓದಿದ್ವಿ. 2025ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಇಬ್ಬರು ಹುಡುಗರು ಅಲ್ಲಿನ ಒಂದು ಗೆಸ್ಟ್ ಹೌಸಿನಲ್ಲಿ ಸುಮಾರು 5,000 ಇರುವೆಗಳ ಜೊತೆ ಸಿಕ್ಕಿಬಿದ್ದರು. ಎರಡು ಸಾವಿರಕ್ಕೂ ಹೆಚ್ಚು ಸಣ್ಣ ಟ್ಯೂಬುಗಳಲ್ಲಿ ತುಂಬಿಸಿಟ್ಟಿದ್ದರು. ಖುಷಿಗಾಗಿ ಹಿಡಿದದ್ದು, ಕಾನೂನು ಗೊತ್ತಿರಲಿಲ್ಲ ಅಂದರು. ಮೇ ತಿಂಗಳಲ್ಲಿ ಕೋರ್ಟು 10 ಲಕ್ಷ ಕೀನ್ಯಾ ಶಿಲ್ಲಿಂಗ್ ದಂಡ, ಕಟ್ಟದಿದ್ದರೆ 12 ತಿಂಗಳು ಜೈಲು ಅಂತ ತೀರ್ಪು ಕೊಟ್ಟಿತು. ಅವರ ವಯಸ್ಸು 19. ನಮ್ಮದೂ 19. ಅವರು ಹಿಡಿದವರು, ನಾವು ಕೊಂಡವರು, ವ್ಯತ್ಯಾಸ ಅಷ್ಟೇ. ಕೊಳ್ಳೋರು ಇಲ್ಲದಿದ್ದರೆ ಹಿಡಿಯೋರು ಎಲ್ಲಿರ್ತಾರೆ?

"ಇರುವೆ ತಾನೇ, ಹೋದರೆ ಏನು?" ಅಂತ ಕೇಳ್ತೀರ. ಇರುವೆಗೆ ಬರಗಾಲ ಇಲ್ಲ ನಿಜ. ಭೂಮಿ ಮೇಲೆ ಸುಮಾರು 20,000 ಲಕ್ಷ ಕೋಟಿ ಇರುವೆಗಳಿವೆ ಅಂತ 2022ರ ಒಂದು ಅಂದಾಜು. ಭಾರತದಲ್ಲೇ 800ಕ್ಕೂ ಹೆಚ್ಚು ಜಾತಿ. ತೊಂದರೆ ಇರೋದು ಸಂಖ್ಯೆಯಲ್ಲಿ ಅಲ್ಲ, ಯಾವುದು ಎಲ್ಲಿರಬೇಕು ಅನ್ನೋದರಲ್ಲಿ. 2022ರಲ್ಲೇ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂದಮಲೈ ಬೆಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಹಳದಿ ಹುಚ್ಚಿರುವೆ ಮಿತಿಮೀರಿ ಹೆಚ್ಚಿತು. ಅದು ಕಚ್ಚಲ್ಲ, ಆಸಿಡ್ ಚಿಮ್ಮಿಸುತ್ತೆ. ದನ, ಮೇಕೆಗಳ ಕಣ್ಣು ಹಾಳಾದವು ಅಂತ ರೈತರು ಗೋಳಾಡಿದ್ದು ಪೇಪರಿನಲ್ಲಿ ಬಂತು. ಒಂದು ರಾಣಿ ಸಾಕು, ಒಂದು ಗೂಡಾಗುತ್ತೆ. ಕೊರಿಯರ್ ಡಬ್ಬದಲ್ಲಿ ಊರೂರು ತಿರುಗೋ ರಾಣಿಗೆ ಲೆಕ್ಕ ಇಡೋರು ಯಾರು?

ಹಾಗಂತ ನಾವು ಬಿಡಲಿಲ್ಲ. ಈ ಸಲ ಬೇರೆ ದಾರಿ ಹಿಡಿದ್ವಿ.

ಮೊದಲು ಸಾಕೋದೇ ಬೇಡ, ನೋಡೋಣ ಅಂತ ಮೆಸ್ ಹಿಂದಿನ ಗೋಡೆಗೆ ಹೋದ್ವಿ. ಅಲ್ಲಿ ಸಣ್ಣ ಕಪ್ಪು ಇರುವೆಗಳ ಸಾಲಿಗೆ ರಟ್ಟಿನ ಸೇತುವೆ ಹಾಕಿ, ಆಚೆ ತುದಿಯಲ್ಲಿ ಬೆಲ್ಲದ ನೀರು ಇಟ್ವಿ. ಮೊದಲು ಉದ್ದದ ದಾರಿ ಮಾತ್ರ. ಅರ್ಧ ಗಂಟೆ ಆದ ಮೇಲೆ ಪಕ್ಕದಲ್ಲೇ ಗಿಡ್ಡ ದಾರಿ ಜೋಡಿಸಿದ್ವಿ. ನಮ್ಮ ಕೋಡ್ ಪ್ರಕಾರ ಎಲ್ಲಾ ಗಿಡ್ಡ ದಾರಿಗೆ ಬರಬೇಕಿತ್ತು. ಬರಲಿಲ್ಲ! ಉದ್ದದ ದಾರಿಗೇ ಅಂಟಿಕೊಂಡವು, ಯಾಕೆಂದರೆ ಅಲ್ಲಿ ವಾಸನೆ ಆಗಲೇ ದಟ್ಟವಾಗಿತ್ತು. 1980ರ ದಶಕದಲ್ಲಿ ಬ್ರಸೆಲ್ಸ್‌ನ ವಿಜ್ಞಾನಿಗಳು ಅರ್ಜೆಂಟೀನಾ ಇರುವೆಗಳಲ್ಲಿ ಕಂಡಿದ್ದೂ ಇದನ್ನೇ ಅಂತ ಆಮೇಲೆ ಓದಿದ್ವಿ. ಲೋಕಲ್ ಆಪ್ಟಿಮಮ್‌ನಲ್ಲಿ ಸಿಕ್ಕಿಹಾಕಿಕೊಳ್ಳೋದು ಅಂದರೇನು ಅಂತ ನಮಗೆ ಅರ್ಥ ಆಗಿದ್ದು ಕ್ಲಾಸಿನಲ್ಲಿ ಅಲ್ಲ, ಮೆಸ್ ಹಿಂದೆ. ಖರ್ಚು ಒಂದು ಉಂಡೆ ಬೆಲ್ಲ.

ಆಮೇಲೆ ಮೇ ತಿಂಗಳ ಮೊದಲ ದೊಡ್ಡ ಮಳೆ ಬಂದ ಸಂಜೆ ಚಿಕ್ಕಬಳ್ಳಾಪುರದ ಮನೆಯ ಅಂಗಳದಲ್ಲಿ ಒಂದು ಗೊದ್ದದ ರಾಣಿ ಸಿಕ್ಕಿತು. ಮಳೆ ಆದ ಮೇಲೆ ರೆಕ್ಕೆ ಇರೋ ರಾಣಿಗಳೂ ಗಂಡುಗಳೂ ಹಾರ್ತವೆ. ಕೂಡಿದ ಮೇಲೆ ಗಂಡು ಸಾಯುತ್ತೆ, ರಾಣಿ ರೆಕ್ಕೆ ಕಿತ್ತು ಹಾಕಿ ಮಣ್ಣಿನೊಳಗೆ ಹೋಗುತ್ತೆ. ಲೈಟ್ ಕಂಬಕ್ಕೆ ಮುತ್ತೋ ಈಸಲು ಬೇರೆ, ಅದು ಗೆದ್ದಲು. ಗೆದ್ದಲು ಇರುವೆಗಿಂತ ಜಿರಳೆಗೆ ಹತ್ತಿರದ ನೆಂಟ.

ಸಾಕೋಕೆ ಬೇಕಾಗಿದ್ದು ಲ್ಯಾಬಿನಲ್ಲಿ ಬಿಸಾಡಿದ ಒಂದು ಟೆಸ್ಟ್ ಟ್ಯೂಬು. ಮೂರನೇ ಒಂದು ಭಾಗ ನೀರು, ಅದಕ್ಕೆ ಹತ್ತಿಯ ಬಿರಡೆ, ನಡುವೆ ರಾಣಿ, ಬಾಯಿಗೆ ಮತ್ತೆ ಹತ್ತಿ. ಕತ್ತಲಲ್ಲಿ ಇಡಬೇಕು. ಊಟ ಹಾಕಬೇಕಾಗಿಲ್ಲ. ಇನ್ನೆಂದೂ ಬೇಡವಾದ ರೆಕ್ಕೆಯ ಮಾಂಸಖಂಡಗಳನ್ನೇ ಕರಗಿಸಿಕೊಂಡು ಅದು ಮೊದಲ ಮಕ್ಕಳನ್ನ ಸಾಕುತ್ತೆ. ಇದನ್ನ ಓದಿದಾಗ ನಮಗೆ ಅಮ್ಮಂದಿರು ನೆನಪಾದರು. ಮೆಸೇಜ್ ಮಾತ್ರ ಯಾರೂ ಮಾಡಲಿಲ್ಲ.

ಮೊದಲ ರಾಣಿ ನಮ್ಮಿಂದಲೇ ಹಾಳಾಯಿತು. ಗಂಟೆಗೊಂದು ಸಲ ಟಾರ್ಚ್ ಹಾಕಿ ನೋಡ್ತಿದ್ವಿ. ಗಾಬರಿಯಾಗಿ ಅದು ತನ್ನ ಮೊಟ್ಟೆಗಳನ್ನೇ ತಿಂದುಹಾಕಿತು. ಎರಡನೇ ರಾಣಿಗೆ ವಾರಕ್ಕೊಂದು ಸಲ, ಅದೂ ಕೆಂಪು ಪೇಪರ್ ಸುತ್ತಿ. ಕೆಂಪು ಬೆಳಕು ಇರುವೆಗೆ ಸರಿಯಾಗಿ ಕಾಣಲ್ಲ. ಒಂದೂವರೆ ತಿಂಗಳಾದ ಮೇಲೆ ಮೊದಲ ನಾಲ್ಕು ಗೊದ್ದ ಹೊರಬಂದವು. ಹೊರಗೆ ಕಾಣೋ ಗೊದ್ದಕ್ಕಿಂತ ಎಷ್ಟೋ ಸಣ್ಣವು, ಆದರೆ ಬಂದ ದಿನವೇ ಕೆಲಸಕ್ಕೆ ನಿಂತವು.

ನೋಡೋದು ಅಂದರೆ ಕಾಯೋದು ಅನ್ನೋದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಗೌರಿಬಿದನೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪನ ಜಾಲ 1965ರಿಂದ ನೆಲದ ಸಣ್ಣ ಕಂಪನಗಳನ್ನ ಕೇಳ್ತಾ ಕೂತಿದೆ. ಜಗತ್ತಿನ ಯಾವುದೋ ಮೂಲೆಯಲ್ಲಿ ಅಣುಬಾಂಬ್ ಪರೀಕ್ಷೆ ಆದರೂ ಅಲ್ಲಿ ಗೊತ್ತಾಗುತ್ತೆ. ನಮ್ಮಲ್ಲೊಬ್ಬರು ಆ ಊರಲ್ಲೇ ಬೆಳೆದರೂ ಬೇಲಿಯ ಆಚೆ ಏನಿದೆ ಅಂತ ಒಂದು ದಿನ ಕೇಳಿರಲಿಲ್ಲ. ಪ್ರಶ್ನೆ ಕೇಳೋದನ್ನೇ ಜೀವನಪೂರ್ತಿ ಕಲಿಸಿದ ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯ ಅವರದೂ ಅದೇ ತಾಲ್ಲೂಕಿನ ಹೊಸೂರು. ನಾಚಿಕೆ ಆಯ್ತು, ನಿಜ.

ಈಗ ಎದುರು ವಾದಗಳಿಗೆ ಬರೋಣ.

"ಪ್ಲೇಸ್‌ಮೆಂಟಿಗೆ ಏನು ಉಪಯೋಗ?" ಡೊರಿಗೊ ಹೆಸರು ಆಗಲೇ ಹೇಳಿದ್ವಿ. ಇನ್ನೊಂದು ಕೇಳಿ. 2012ರಲ್ಲಿ ಸ್ಟ್ಯಾನ್‌ಫರ್ಡ್‌ನ ಡೆಬೊರಾ ಗಾರ್ಡನ್, ಬಾಲಾಜಿ ಪ್ರಭಾಕರ್ ಮತ್ತು ಸಂಗಡಿಗರು ಒಂದು ವಿಷಯ ತೋರಿಸಿದರು. ಕಾಳು ಕೂಡಿಡೋ ಇರುವೆಗಳು, ಹೊರಗೆ ಹೋದವರು ಎಷ್ಟು ಬೇಗ ಕಾಳು ಹೊತ್ತು ವಾಪಸ್ ಬರ್ತಾರೆ ಅನ್ನೋದನ್ನ ನೋಡಿ ಮುಂದಿನವರನ್ನ ಕಳಿಸ್ತವೆ. ಇಂಟರ್ನೆಟ್ಟಿನ ಟಿಸಿಪಿ ಕೂಡ ಅಕ್ನಾಲೆಜ್‌ಮೆಂಟ್ ಬರೋ ವೇಗ ನೋಡಿಯೇ ಪ್ಯಾಕೆಟ್ ಕಳಿಸೋದು. ಕಂಪನಿ ಇಂಟರ್ವ್ಯೂನಲ್ಲಿ ಇದು ಕೆಲಸಕ್ಕೆ ಬರುತ್ತಾ ಅಂದರೆ, ನಮಗೆ ಇನ್ನೂ ಎರಡು ವರ್ಷ ಟೈಮ್ ಇದೆ, ಹೇಳ್ತೀವಿ.

"ಲ್ಯಾಬ್ ಇಲ್ಲ, ಫಂಡ್ ಇಲ್ಲ." ಬೆಂಗಳೂರಿನ ಐಐಎಸ್‌ಸಿಯ ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ಕಣಜಗಳ ಸಮಾಜವನ್ನ ಅಧ್ಯಯನ ಮಾಡಿದವರು. ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕೆ ಇಟ್ಟು, ಯಾವುದು ಏನು ಮಾಡುತ್ತೆ ಅಂತ ಗಂಟೆಗಟ್ಟಲೆ ಕೂತು ಬರೆದಿಟ್ಟುಕೊಂಡದ್ದು ಅವರ ವಿಧಾನ. ಕಮ್ಮಿ ಖರ್ಚಿನಲ್ಲಿ ದೊಡ್ಡ ವಿಜ್ಞಾನ ಮಾಡಬಹುದು ಅನ್ನೋದರ ಮೇಲೇ ಪುಸ್ತಕ ಬರೆದಿದ್ದಾರೆ. ಇರುವೆ ಗುರುತಿಸೋಕೆ ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ ಅವರ 2006ರ ಕೈಪಿಡಿ ಇದೆ, ದಕ್ಷಿಣ ಭಾರತದ ಇರುವೆಗಳ ಬಗ್ಗೆಯೇ ಬರೆದದ್ದು.

"ಹಿಡಿಯೋದೇ ಕ್ರೌರ್ಯ ಅಲ್ವಾ?" ಇದು ಗಟ್ಟಿ ಪ್ರಶ್ನೆ. ನಮ್ಮೊಳಗೇ ಇದರ ಬಗ್ಗೆ ಜಗಳ ಆಗಿದೆ. ಒಬ್ಬರು ಈಗಲೂ ಟ್ಯೂಬು ಮುಟ್ಟಲ್ಲ, ಗೋಡೆ ಮೇಲಿನ ಇರುವೆ ಮಾತ್ರ ನೋಡೋದು. ಉಳಿದ ಮೂರು ಜನರ ಉತ್ತರ ಇದು: ಮಳೆಯ ದಿನ ಹಾರಿದ ರಾಣಿಗಳಲ್ಲಿ ಬಹುಪಾಲು ಹಕ್ಕಿ, ಹಲ್ಲಿ, ಟೈರಿಗೆ ಸಿಕ್ಕಿ ಸಾಯ್ತವೆ. ಅದರಲ್ಲಿ ಒಂದನ್ನ ಎತ್ತಿಕೊಳ್ಳೋದಕ್ಕೂ, ವರ್ಷಗಳಿಂದ ಇರೋ ಗೂಡನ್ನ ಅಗೆದು ರಾಣಿ ಕೀಳೋದಕ್ಕೂ ವ್ಯತ್ಯಾಸ ಇದೆ. ಆದರೆ ಎತ್ತಿಕೊಂಡ ಮೇಲೆ ಜವಾಬ್ದಾರಿ ನಿಮ್ಮದು. ಯುರೋಪಿನ ಕಪ್ಪು ಇರುವೆಯ ಒಂದು ರಾಣಿ ಸಾಕಿದ ಗೂಡಿನಲ್ಲಿ 28 ವರ್ಷಕ್ಕೂ ಹೆಚ್ಚು ಬದುಕಿದ ದಾಖಲೆ ಇದೆ. ನಮ್ಮ ಡಿಗ್ರಿ ನಾಲ್ಕೇ ವರ್ಷ.

ಹಾಗಾಗಿ ನಾವು ಹಾಕಿಕೊಂಡಿರೋ ನಿಯಮಗಳು ಇವು. ಕೊಳ್ಳಬಾರದು, ಮಾರಬಾರದು. ಗೂಡು ಅಗೆಯಬಾರದು. ಕಾಡಿನಿಂದ, ಅಭಯಾರಣ್ಯದಿಂದ ಅನುಮತಿ ಇಲ್ಲದೆ ಏನೂ ತರಬಾರದು. ಒಂದು ಊರಿನ ಇರುವೆ ಇನ್ನೊಂದು ಊರಿಗೆ ಹೋಗಬಾರದು. ಬೇಡ ಅನ್ನಿಸಿದರೆ ಎಲ್ಲಿ ಹಿಡಿದಿರೋ ಅಲ್ಲೇ ಬಿಡಬೇಕು. ಕೊನೆಯದು ಅಜ್ಜಿಯ ನಿಯಮ: ಹುಳದ ಮನೆ ಇರೋ ಕಡೆಗೆ ಟ್ಯೂಬು ತರಲೇಬಾರದು.

ಕನ್ನಡ ಸಂಘಕ್ಕೆ ನಮ್ಮದೊಂದು ಕೋರಿಕೆ. ಈ ಮಳೆಗಾಲದಲ್ಲಿ ಕ್ಯಾಂಪಸ್ಸಿನ ಇರುವೆಗಳ ಒಂದು ಪಟ್ಟಿ ಮಾಡೋಣ. ವೈಜ್ಞಾನಿಕ ಹೆಸರಿನ ಪಕ್ಕದಲ್ಲಿ ಊರ ಹೆಸರೂ ಇರಲಿ. ಗೊದ್ದ, ಕೆಂಜಿಗ, ಕಟ್ಟಿರುವೆ ಅಂತ ನಮ್ಮ ಅಜ್ಜಿ ಬಿಡಿಸಿ ಬಿಡಿಸಿ ಹೇಳ್ತಾರೆ. ನಮಗೆ ಬರ್ತಿದ್ದದ್ದು 'ಬ್ಲ್ಯಾಕ್ ಆಂಟ್, ರೆಡ್ ಆಂಟ್' ಎರಡೇ. ತೆಲುಗಿನ ಚೀಮ, ಗಂಡು ಚೀಮ ಅನ್ನೋದೂ ಪಟ್ಟಿಗೆ ಸೇರಲಿ, ಅದೂ ನಮ್ಮ ಜಿಲ್ಲೆಯದೇ. ಇರುವೆ ಮೊಟ್ಟೆ ಹೊತ್ತು ಹೊರಟರೆ ಮಳೆ ಬರುತ್ತೆ ಅಂತಾರಲ್ಲ, ಅದನ್ನೂ ದಿನಾಂಕ ಹಾಕಿ ಬರೆದು ಪರೀಕ್ಷೆ ಮಾಡೋಣ. ಅವು ಹೊರೋದು ಬಹಳಷ್ಟು ಸಲ ಮೊಟ್ಟೆ ಅಲ್ಲ, ಮರಿಹುಳ, ಕೋಶ. ಇಷ್ಟು ನೋಡಿದ್ದೀವಿ. ಮಳೆಯ ವಿಷಯ ಹೇಳೋಕೆ ಇನ್ನೂ ಒಂದೆರಡು ಮಳೆಗಾಲದ ಲೆಕ್ಕ ಬೇಕು.

ಮುಂದಿನ ದೊಡ್ಡ ಮಳೆ ಬಂದ ಸಂಜೆ ಹಾಸ್ಟೆಲ್ ಗೇಟಿನ ಲೈಟ್ ಕಂಬದ ಕೆಳಗೆ ಇರ್ತೀವಿ. ಒಂದು ನೋಟ್‌ಬುಕ್ಕು, ಒಂದು ಪೆನ್ನು ತನ್ನಿ. ಆರ್ಡರ್ ಏನೂ ಮಾಡಬೇಡಿ.