‘ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ’ ಎನ್ನುವವರಿಗೆ



ಈಚೆಗೆ ಒಂದು ಮಾತನ್ನು ಮದುವೆಮನೆಯ ಪಂಕ್ತಿಯಲ್ಲಿ, ತಿಥಿಮನೆಯ ಜಗಲಿಯಲ್ಲಿ, ನಿವೃತ್ತರ ಬೆಳಗಿನ ನಡಿಗೆಯಲ್ಲಿ ಪದೇ ಪದೇ ಕೇಳುತ್ತಿದ್ದೇನೆ. “ಈಗಿನವರಿಗೆ ಮುಟ್ಟಿದ್ದಕ್ಕೆಲ್ಲ ಮನಸ್ಸಿನ ಕಾಯಿಲೆ. ನಮ್ಮ ಕಾಲದಲ್ಲಿ ಇವೆಲ್ಲ ಎಲ್ಲಿದ್ದವು? ಪೆಟ್ಟು ತಿಂದೆವು, ಉಪವಾಸ ಬಿದ್ದೆವು, ಹೆಣ ಹೊತ್ತೆವು. ಆದರೂ ನೆಟ್ಟಗೆ ಬದುಕಲಿಲ್ಲವೇ?” ಹೀಗೆನ್ನುವವರಲ್ಲಿ ನನ್ನ ಓರಗೆಯವರಿದ್ದಾರೆ, ಬೇಸರದ ಸಂಗತಿಯೆಂದರೆ, ನನ್ನಿಂದ ಸಮಾಜ ವಿಜ್ಞಾನದ ಪಾಠ ಹೇಳಿಸಿಕೊಂಡವರೂ ಇದ್ದಾರೆ. ಈ ಮಾತು ಸುಳ್ಳು. ಬರಿಯ ಸುಳ್ಳಾಗಿದ್ದರೆ ಸುಮ್ಮನಿರುತ್ತಿದ್ದೆ. ಇದು ನೊಂದವರ ಬಾಯಿ ಮುಚ್ಚಿಸುವ ಸುಳ್ಳು.

ಇವೆಲ್ಲ ನಮ್ಮ ಕಾಲದಲ್ಲಿಯೂ ಇದ್ದವು. ಹೆಸರು ಬೇರೆಯಾಗಿತ್ತು, ಅಷ್ಟೆ. ಗಾಳಿ ಸೋಕಿದೆ ಎನ್ನುತ್ತಿದ್ದರು, ದೆವ್ವ ಮೆಟ್ಟಿದೆ ಎನ್ನುತ್ತಿದ್ದರು, ಮಗು ಬೆಚ್ಚಿಬಿದ್ದಿದೆಯೆಂದು ಅಂತ್ರ ಕಟ್ಟಿಸುತ್ತಿದ್ದರು. ಗಂಡಸಾದರೆ ‘ಕುಡಿದು ಹಾಳಾದ’, ಹೆಂಗಸಾದರೆ ‘ಅವಳು ಸ್ವಲ್ಪ ಅರೆಮರುಳು’. ಅಲ್ಲಿಗೆ ವಿಚಾರಣೆ ಮುಗಿಯುತ್ತಿತ್ತು.

ಬಂಧುಗಳಲ್ಲಿ ಹಿರಿಯರಿಗೆ ನಮ್ಮ ಅಜ್ಜಿಯ ಅಕ್ಕನ ನೆನಪಿರಬಹುದು. ಒಂಬತ್ತಕ್ಕೆ ಮದುವೆ, ಹನ್ನೊಂದಕ್ಕೆ ವೈಧವ್ಯ. ಮೈನೆರೆದ ಮೇಲೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಅಂದು ಅವರನ್ನು ನಾಲ್ವರು ಹಿಡಿದು ಕೂರಿಸಬೇಕಾಯಿತಂತೆ. ನಾನು ಕಾಣುವ ಹೊತ್ತಿಗೆ ಅವರಿಗೆ ಎಪ್ಪತ್ತರ ಸಮೀಪ. ಹಿತ್ತಿಲಿಗೆ ಕ್ಷೌರದವನು ಬರುವ ದಿನ ಬೆಳಗಿನಿಂದಲೇ ಅವರ ಕೈ ನಡುಗುತ್ತಿತ್ತು. ಹಿಡಿದ ತಂಬಿಗೆ ಜಾರುತ್ತಿತ್ತು. ಆ ದಿನ ತುತ್ತು ಅನ್ನ ಇಳಿಯುತ್ತಿರಲಿಲ್ಲ. ‘ಇವತ್ತು ದೊಡ್ಡಜ್ಜಿಗೆ ಗಾಳಿ’ ಎಂದು ಮನೆಮಂದಿ ನಗುತ್ತಿದ್ದರು. ಐವತ್ತು ವರ್ಷಗಳಿಗೂ ಹಿಂದಿನ ಒಂದು ಬೆಳಗು ಆ ಮುದುಕಿಯ ಕೈಗಳಲ್ಲಿ ಇನ್ನೂ ಮುಗಿದಿರಲಿಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿ ಸೆರಗಿನಲ್ಲಿ ಕಣ್ಣೊರೆಸಿಕೊಂಡ ನಮ್ಮ ಮನೆಯವರೇ “ಆ ಕಾಲದವರು ಬಹಳ ಗಟ್ಟಿ” ಎನ್ನುವುದನ್ನು ಕೇಳಿದ್ದೇನೆ. ಗಟ್ಟಿಯಾಗಿದ್ದರು, ಒಪ್ಪುತ್ತೇನೆ. ಗಟ್ಟಿತನಕ್ಕೂ ಗಾಯ ಮಾಯುವುದಕ್ಕೂ ಏನು ಸಂಬಂಧ?

ಇನ್ನು ಚರಿತ್ರೆ. ಒಂದನೆಯ ಮಹಾಯುದ್ಧದ ಕಂದಕಗಳಿಂದ ಮೈಮೇಲೆ ಒಂದು ಗೀರೂ ಇಲ್ಲದ ಸೈನಿಕರು ಮಾತು ನಿಂತು, ಕೈಕಾಲು ನಡುಗುತ್ತ ಆಸ್ಪತ್ರೆಗೆ ಬರತೊಡಗಿದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ‘ಶೆಲ್ ಶಾಕ್’ ಎಂದು ಕರೆದು ಬರೆದರು. ಸೇನೆಯ ಅಧಿಕಾರಿಗಳಲ್ಲಿ ಅನೇಕರಿಗೆ ಅದು ಹೇಡಿತನವಾಗಿಯೇ ಕಂಡಿತು. ಹ್ಯಾರಿ ಫಾರ್ ಎಂಬ ಸಾಮಾನ್ಯ ಸೈನಿಕ ಇದೇ ಕಾರಣಕ್ಕೆ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಮತ್ತೆ ಯುದ್ಧಭೂಮಿಗೆ ಹೋದವನು. ಇನ್ನು ತನ್ನಿಂದಾಗದು ಎಂದಾಗ, 1916ರ ಅಕ್ಟೋಬರಿನಲ್ಲಿ, ಅವನ ಕಡೆಯವರೇ ಅವನನ್ನು ಗುಂಡಿಟ್ಟು ಕೊಂದರು. ಹೇಡಿತನ, ಪಲಾಯನ ಮುಂತಾದ ಆರೋಪಗಳ ಮೇಲೆ ಹೀಗೆ ಸತ್ತ 306 ಮಂದಿಗೆ ಬ್ರಿಟನ್ ಕ್ಷಮಾದಾನ ನೀಡಿದ್ದು 2006ರಲ್ಲಿ. ಫಾರ್‌ನ ಮಗಳು ಅದನ್ನು ನೋಡಲು ತೊಂಬತ್ತು ದಾಟುವವರೆಗೆ ಬದುಕಬೇಕಾಯಿತು. ಆ ಸೇನಾಧಿಕಾರಿಗಳೂ ‘ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ’ ಎಂದೇ ಹೇಳಿರಬೇಕು.

ಅದೇ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆ ಹೈಫಾ ನಗರವನ್ನು ಗೆಲ್ಲುವಲ್ಲಿ ಪಾಲ್ಗೊಂಡಿತು. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನದು. ಪಾಠ ಮಾಡುವಾಗ ನನಗೂ ಎದೆಯುಬ್ಬುತ್ತಿತ್ತು. ಆದರೆ ಮರಳಿ ಬಂದ ಆ ಸವಾರರು ರಾತ್ರಿ ಹೇಗೆ ನಿದ್ರಿಸಿದರು ಎಂಬುದು ನಾನು ಕಲಿಸಿದ ಯಾವ ಪಠ್ಯದಲ್ಲಿಯೂ ಇರಲಿಲ್ಲ.

ಈ ನೋವಿಗೆ ಈಗಿನ ವೈದ್ಯಕೀಯ ಹೆಸರು ದೊರೆತದ್ದು 1980ರಲ್ಲಿ. ವಿಯೆಟ್ನಾಂ ಯುದ್ಧದಿಂದ ಮರಳಿದವರ ಒತ್ತಾಯವೂ ಸೇರಿ, ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಅದನ್ನು ಸೇರಿಸಿತು. ಕನ್ನಡದಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಎನ್ನೋಣ. ಸಾಮಾನ್ಯ ನೆನಪು ‘ಅಂದು ಹೀಗಾಯಿತು’ ಎನ್ನುತ್ತದೆ. ಈ ನೆನಪು ‘ಈಗ ಆಗುತ್ತಿದೆ’ ಎನ್ನುತ್ತದೆ. ಒಂದು ವಾಸನೆ, ಒಂದು ಸದ್ದು ಸಾಕು: ಬುದ್ಧಿ ಯೋಚಿಸುವ ಮೊದಲೇ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ‘ಮನಸ್ಸು ಗಟ್ಟಿ ಮಾಡಿಕೋ’ ಎನ್ನುವ ಉಪದೇಶ ಬುದ್ಧಿಗೆ ಹೇಳಿದ್ದು. ಮೈಗೆ ಅದು ಕೇಳಿಸುವುದಿಲ್ಲ.

ವಿದ್ಯಾರ್ಥಿಗಳೇ, ನಿಮಗೊಂದು ಉದಾಹರಣೆ ಕೊಡುತ್ತೇನೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಒಂಬತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಶೀಟಿನ ಮೇಲೆ ಮಳೆ ಜೋರಾಗಿ ಬಡಿಯತೊಡಗಿದರೆ ಬೆಂಚಿನಡಿಗೆ ಹೋಗುತ್ತಿದ್ದ. ನೀವು ನಗುತ್ತಿದ್ದಿರಿ, ಅವನಿಗೊಂದು ಅಡ್ಡಹೆಸರನ್ನೂ ಇಟ್ಟಿರಿ. ಸ್ಟಾಫ್ ರೂಮಿನಲ್ಲಿ ಅದು ನಾಟಕವೆಂದು ತೀರ್ಮಾನವಾಗಿತ್ತು. ತಂದೆಯನ್ನು ಕರೆಸಿ ಕೇಳಿದೆ. ಆರು ವರ್ಷದವನಿದ್ದಾಗ ಮಳೆಗಾಲದ ರಾತ್ರಿ ಮಣ್ಣಿನ ಗೋಡೆ ಕುಸಿದು ತಾಯಿ ತೀರಿಕೊಂಡರು. ಹುಡುಗ ಬೆಳಗಿನವರೆಗೆ ಅವಳ ಪಕ್ಕದಲ್ಲೇ ಮಣ್ಣಿನೊಳಗಿದ್ದ. ಅಂದಿನಿಂದ ಮಳೆ ಬಂದಾಗ ಅವನನ್ನು ವರಾಂಡಕ್ಕೆ, ನನ್ನ ಬಳಿಗೆ, ಕರೆದುಕೊಳ್ಳುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಲಿಲ್ಲ. ಈಗ ಐವತ್ತರ ಆಸುಪಾಸು, ಮನೆ ಮಕ್ಕಳು ಎಲ್ಲ ಇವೆ. ಆರ್‌ಸಿಸಿ ಮನೆ ಕಟ್ಟಿಸಿದ್ದಾನೆ. ಜೋರು ಮಳೆಯ ರಾತ್ರಿಗಳಲ್ಲಿ ಮಾತ್ರ ಇಂದಿಗೂ ಜಗಲಿಯಲ್ಲಿ ಕುಳಿತೇ ಬೆಳಗು ಮಾಡುತ್ತಾನೆ.

‘ಪೆಟ್ಟು ತಿಂದೇ ನಾವು ಉದ್ಧಾರವಾದೆವು’ ಎಂದು ಸ್ನೇಹಮಿಲನದ ವೇದಿಕೆಯಲ್ಲಿ ಭಾಷಣ ಮಾಡುತ್ತೀರಿ. ವೇದಿಕೆ ಹತ್ತಿದವರನ್ನು ಎಣಿಸಿ ತೀರ್ಪು ಕೊಡುವುದು ಸುಲಭ. ಬಾರದವರನ್ನು ಯಾರು ಎಣಿಸಿದರು? ಬಾಸುಂಡೆಗೆ ಹೆದರಿ ಶಾಲೆ ಬಿಟ್ಟವರು, ಕುಡಿತಕ್ಕೆ ಬಿದ್ದವರು, ಬಾವಿಗೆ ಬಿದ್ದವರು ಭಾಷಣ ಮಾಡುವುದಿಲ್ಲ. ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ 2010ರಿಂದ ನಿಷೇಧಿಸಿದೆ. ಕಾಯ್ದೆ ಬಂದದ್ದರಿಂದಲೇ ಮಕ್ಕಳು ಕೆಟ್ಟರೆಂದು ಗೊಣಗುವವರು ಒಂದು ಅಧ್ಯಯನವನ್ನಾದರೂ ಗಮನಿಸಲಿ. ಅಮೆರಿಕದ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ್ದು. ಎರಡು ಹಂತಗಳೂ ಸೇರಿ 17,000ಕ್ಕೂ ಹೆಚ್ಚು ವಯಸ್ಕರನ್ನು ಬಾಲ್ಯದ ಬಗ್ಗೆ ಕೇಳಿದ್ದರು. ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹಿಂಸೆ ಮುಂತಾದ ಬಗೆಗಳಲ್ಲಿ ನಾಲ್ಕು ಅಥವಾ ಹೆಚ್ಚನ್ನು ಅನುಭವಿಸಿದವರಲ್ಲಿ, ಏನನ್ನೂ ಅನುಭವಿಸದವರಿಗಿಂತ ಕುಡಿತ, ಖಿನ್ನತೆ, ಆತ್ಮಹತ್ಯೆಯ ಯತ್ನಗಳ ಅಪಾಯ 4ರಿಂದ 12 ಪಟ್ಟು ಹೆಚ್ಚಿತ್ತು. ಹೃದ್ರೋಗವೂ ಹೆಚ್ಚಿತ್ತು. ಇದು ಹಣೆಬರಹವಲ್ಲ, ಅಂಥ ಬಾಲ್ಯದವರೆಲ್ಲ ಹಾಳಾಗುತ್ತಾರೆಂದು ಯಾರೂ ಹೇಳಿಲ್ಲ. ಆದರೆ ‘ಏನೂ ಆಗುವುದಿಲ್ಲ’ ಎನ್ನುವ ಧೈರ್ಯ ಇನ್ನು ಯಾರಿಗೂ ಇರಬಾರದು.

ಎದುರು ಪಕ್ಷದ ಮಾತಿನಲ್ಲಿ ಒಂದು ಕಾಳು ನಿಜವಿದೆ. ಎರಡು ಅಂಕ ಕಡಿಮೆ ಬಂದರೆ, ಮೇಲಧಿಕಾರಿ ಗದರಿದರೆ ‘ಟ್ರಾಮಾ’ ಎನ್ನುವುದು ನನಗೂ ಹಿಡಿಸದು. ದುರಂತ ಕಂಡವರಲ್ಲಿ ಹೆಚ್ಚಿನವರು ಕಾಲಕ್ರಮದಲ್ಲಿ ಚೇತರಿಸಿಕೊಳ್ಳುತ್ತಾರೆ ಎಂಬುದೂ ನಿಜ. ಪದದ ದುರ್ಬಳಕೆಯಾಯಿತೆಂದು ರೋಗವನ್ನೇ ಅಲ್ಲಗಳೆಯುವುದು ಎಲ್ಲಿಯ ನ್ಯಾಯ?

ದೂರದ ಮಾತೇಕೆ? 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ಸತ್ತವರಲ್ಲಿ ಬಹುಪಾಲು ಮಕ್ಕಳು. ಆ ಕುಟುಂಬಗಳ ದುಃಖವನ್ನು ನಮ್ಮ ನಿಮ್ಹಾನ್ಸ್‌ನವರೇ ಅಧ್ಯಯನ ಮಾಡಿದರು. ಆ ಪಟ್ಟಿಯಲ್ಲಿ ಇದ್ದವರು ನಮ್ಮ ಕಾಲದವರು, ನಮ್ಮ ಊರಿನವರು.

ಚಿಕಿತ್ಸೆಯ ಬಗ್ಗೆ ಒಂದು ತಪ್ಪು ಕಲ್ಪನೆಯಿದೆ. ನೊಂದವರನ್ನು ಕೂಡಲೇ ಕೂರಿಸಿಕೊಂಡು ‘ಏನಾಯಿತು ಹೇಳು, ಎಲ್ಲ ಹೇಳು’ ಎಂದು ಕೆದಕುವುದು ಚಿಕಿತ್ಸೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅದು ಬೇಡವೆನ್ನುತ್ತದೆ. ಅವರಾಗಿ ಮಾತೆತ್ತಿದಾಗ ತಡೆಯದೆ ಕೇಳುವುದು ನಮ್ಮ ಪಾಲಿನ ಕೆಲಸ. ಉಳಿದದ್ದು ತರಬೇತಿ ಪಡೆದವರದು. ಎಷ್ಟೋ ವರ್ಷಗಳ ಹಳೆಯ ಆಘಾತಕ್ಕೂ ಈಗ ಪರಿಣಾಮಕಾರಿ ಮನೋಚಿಕಿತ್ಸೆಗಳಿವೆ. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 2022ರಿಂದ ಇದೆ: 14416. ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ಮೇಲೆ ಹೇಳಿದ ನನ್ನ ವಿದ್ಯಾರ್ಥಿಯೂ ಮಗಳ ಒತ್ತಾಯದಿಂದ ಹೋದ ಶ್ರಾವಣದಿಂದ ಜಿಲ್ಲಾ ಆಸ್ಪತ್ರೆಗೆ ಹೋಗುತ್ತಿದ್ದಾನೆ.

ಈ ಸಲದ ಸ್ನೇಹಮಿಲನಕ್ಕೆ ಬರುತ್ತೇನೆಂದಿದ್ದಾನೆ. ನಿಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಅವನನ್ನು ಈಗಲೂ ಆ ಅಡ್ಡಹೆಸರಿನಿಂದಲೇ ಕರೆಯುತ್ತೀರಂತೆ. ಅವನು ಬರುವ ಮೊದಲು ಅದನ್ನು ನಿಲ್ಲಿಸಿ. ಅವನಿಗೆ ಒಂದು ಹೆಸರಿದೆ. ಹಾಜರಿ ಪುಸ್ತಕದಲ್ಲಿ ನಾನು ದಿನವೂ ಕೂಗುತ್ತಿದ್ದುದು ಅದನ್ನೇ.